ಮೆಡಿಕಲ್ ಗಾಂಜಾ ಕೇಸಿನಲ್ಲಿ ಶಿಕ್ಷೆಯ ದಿನ: ಜೊತೆಗೆ ನಿಲ್ಲುವವರು ಏನು ಮಾಡಬೇಕು

ಕ್ಯಾಲಿಫೋರ್ನಿಯಾದಲ್ಲಿ ನಿಮಗೆ ಗೊತ್ತಿರುವ ರೋಗಿಯೊಬ್ಬರಿಗೆ, ಅಥವಾ ರೋಗಿಗಳಿಗಾಗಿ ಗಾಂಜಾ ಬೆಳೆದು ಕೊಟ್ಟವರಿಗೆ, ಕೋರ್ಟಿನಲ್ಲಿ ಶಿಕ್ಷೆ ಹೇಳುವ ದಿನ ನಿಗದಿಯಾಗಿದೆ ಅಂತಿಟ್ಟುಕೊಳ್ಳಿ. ಸ್ನೇಹಿತರಿಗೆ ಏನಾದರೂ ಮಾಡಬೇಕು ಅನಿಸುತ್ತದೆ, ಏನು ಅಂತ ತೋಚುವುದಿಲ್ಲ. ಕೆಲವರು ಬೋರ್ಡು ಹಿಡಿದು ಕೋರ್ಟಿನ ಬಾಗಿಲಲ್ಲಿ ನಿಲ್ಲೋಣ ಅನ್ನುತ್ತಾರೆ. ಕೆಲವರು ಜಡ್ಜ್‌ಗೇ ನೇರವಾಗಿ ಇಮೇಲ್ ಹಾಕೋಣ ಅನ್ನುತ್ತಾರೆ. ಉಳಿದವರು ತೀರ್ಪು ಬಂದಾಯ್ತಲ್ಲ, ಇನ್ನು ನಮ್ಮಿಂದ ಏನಾಗುತ್ತೆ ಬಿಡಿ ಅಂತ ಸುಮ್ಮನಾಗುತ್ತಾರೆ. ಮೂರೂ ಬೇಡ. ಮಾಡುವ ಕೆಲಸ ಬೇಕಾದಷ್ಟಿದೆ, ಅದರಲ್ಲಿ ಮುಕ್ಕಾಲು ಪಾಲು ಆ ದಿನಕ್ಕಿಂತ ಎಷ್ಟೋ ವಾರ ಮೊದಲೇ ಮುಗಿಯಬೇಕಾದ್ದು.

ಮೊದಲು ಹಿನ್ನೆಲೆ, ಚುಟುಕಾಗಿ. 1996ರಲ್ಲಿ ಕ್ಯಾಲಿಫೋರ್ನಿಯಾದ ಜನ ಮತ ಹಾಕಿ ಪ್ರೊಪೊಸಿಷನ್ 215 ಪಾಸು ಮಾಡಿದರು. ಡಾಕ್ಟರ್ ಸಲಹೆ ಇದ್ದರೆ ರೋಗಿ ಗಾಂಜಾ ಬೆಳೆಯಬಹುದು, ಬಳಸಬಹುದು ಎಂದಾಯಿತು. ಆದರೆ ಫೆಡರಲ್ ಕಾನೂನು, ಅಂದರೆ ಇಡೀ ಅಮೆರಿಕಕ್ಕೆ ಅನ್ವಯಿಸುವ ಕೇಂದ್ರದ ಕಾನೂನು, 1970ರಲ್ಲೇ ಗಾಂಜಾವನ್ನು ಹೆರಾಯಿನ್ ಇರುವ ಪಟ್ಟಿಗೆ ಸೇರಿಸಿತ್ತು. ರಾಜ್ಯ ಒಪ್ಪಿದರೂ ಫೆಡರಲ್ ಸರ್ಕಾರ ಕೇಸು ಹಾಕಬಹುದು ಎಂದು ಸುಪ್ರೀಂ ಕೋರ್ಟು 2005ರಲ್ಲಿ ಹೇಳಿತು. 2014ರ ಕೊನೆಯಲ್ಲಿ ಅಮೆರಿಕದ ಕಾಂಗ್ರೆಸ್ಸು ಬಜೆಟ್ಟಿನಲ್ಲಿ ಒಂದು ಷರತ್ತು ಸೇರಿಸಿತು: ರಾಜ್ಯಗಳ ಮೆಡಿಕಲ್ ಗಾಂಜಾ ಕಾನೂನಿಗೆ ಅಡ್ಡಿ ಮಾಡಲು ನ್ಯಾಯ ಇಲಾಖೆ ಹಣ ಖರ್ಚು ಮಾಡುವಂತಿಲ್ಲ. ಈ ಷರತ್ತಿನ ರಕ್ಷಣೆ ರಾಜ್ಯದ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದವರಿಗೆ ಮಾತ್ರ ಎಂದು ಪಶ್ಚಿಮ ರಾಜ್ಯಗಳ ಫೆಡರಲ್ ಮೇಲ್ಮನವಿ ಕೋರ್ಟು, ಅಂದರೆ ನೈಂತ್ ಸರ್ಕ್ಯೂಟ್, 2016ರಲ್ಲಿ ತೀರ್ಪು ಕೊಟ್ಟಿತು. ಹಾಗಾಗಿ ಎಲ್ಲೋ ಒಂದು ನಿಯಮ ತಪ್ಪಿದೆ ಅನಿಸಿಕೊಂಡವರು ಈಗಲೂ ಸಿಕ್ಕಿಬೀಳಬಹುದು.

ಇಲ್ಲಿ ಒಂದು ಮುಖ್ಯ ವಿಷಯ ಇದೆ. ಗಾಂಜಾ ಔಷಧಿಗಾಗಿ ಬೇಕಿತ್ತು ಎಂಬ ವಾದ ಫೆಡರಲ್ ಕಾನೂನಿನಡಿ ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟು 2001ರಲ್ಲಿ ಓಕ್ಲೆಂಡಿನ ಒಂದು ಗಾಂಜಾ ಸಹಕಾರಿ ಕೇಂದ್ರದ ಕೇಸಿನಲ್ಲಿ ಹೇಳಿದೆ. ಅದಕ್ಕೇ ವಿಚಾರಣೆಯಲ್ಲಿ ಜ್ಯೂರಿಯವರಿಗೆ, ಅಂದರೆ ತಪ್ಪಿತಸ್ಥರೋ ಅಲ್ಲವೋ ಎಂದು ತೀರ್ಮಾನಿಸುವ ಸಾಮಾನ್ಯ ಜನರ ತಂಡಕ್ಕೆ, ಕಾಯಿಲೆಯ ಮಾತು ಎಷ್ಟೋ ಸಲ ಕೇಳಿಸುವುದೇ ಇಲ್ಲ. 2003ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗಾಂಜಾ ಬೆಳೆದ ಎಡ್ ರೋಸೆಂಥಾಲ್ ಎಂಬವರ ಕೇಸಿನಲ್ಲಿ ಹೀಗೇ ಆಯಿತು. ಗಿಡಗಳು ರೋಗಿಗಳಿಗಾಗಿ ಬೆಳೆದದ್ದು ಅಂತ ಆಮೇಲೆ ತಿಳಿದಾಗ, ತಪ್ಪಿತಸ್ಥ ಎಂದು ತೀರ್ಪು ಕೊಟ್ಟ ಜ್ಯೂರಿಯವರಲ್ಲೇ ಹಲವರು ಬಹಿರಂಗವಾಗಿ ಬೇಸರ ಹೇಳಿಕೊಂಡರು. ಪ್ರಾಸಿಕ್ಯೂಟರ್, ಅಂದರೆ ಸರ್ಕಾರದ ಕಡೆಯ ಲಾಯರ್, ವರ್ಷಗಟ್ಟಲೆ ಜೈಲು ಕೇಳಿದ್ದರು. ಜಡ್ಜ್ ಚಾರ್ಲ್ಸ್ ಬ್ರೇಯರ್ ಕೊಟ್ಟದ್ದು ಒಂದೇ ದಿನ, ಅದೂ ಆಗಲೇ ಕಳೆದಾಗಿದ್ದ ದಿನ.

ಅಂದರೆ ಶಿಕ್ಷೆಯ ಹಂತ ಬರೀ ಔಪಚಾರಿಕ ಅಲ್ಲ. ಕಾಯಿಲೆ, ನೋವು, ಆ ಮನುಷ್ಯ ಯಾರು ಎಂಬುದೆಲ್ಲ ಕೋರ್ಟಿನಲ್ಲಿ ಬಾಯಿಬಿಟ್ಟು ಹೇಳಲು ಸಿಗುವ ಮೊದಲ ಅವಕಾಶ ಅದೇ. ಶಿಕ್ಷೆ ತೀರ್ಮಾನಿಸುವಾಗ ಆರೋಪಿಯ ಹಿನ್ನೆಲೆ ಮತ್ತು ಅವರಿಗೆ ಬೇಕಾದ ಚಿಕಿತ್ಸೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಫೆಡರಲ್ ಕಾನೂನೇ ಹೇಳುತ್ತದೆ. ಜ್ಯೂರಿ ಮನೆಗೆ ಹೋಗಿದೆ. ಈಗ ಕೇಳಬೇಕಾದವರು ಜಡ್ಜ್ ಒಬ್ಬರೇ. ನೀವು ಮಾಡುವ ಪ್ರತಿ ಕೆಲಸ ಅವರೊಬ್ಬರಿಗೆ ಹೇಗೆ ಕಾಣುತ್ತದೆ ಎಂದು ಯೋಚಿಸಿ ಮಾಡಿ.

ಹೆಜ್ಜೆ 1: ಲಾಯರ್ ಮತ್ತು ಮನೆಯವರ ಒಪ್ಪಿಗೆ

ಅವರು ಬೇಡ ಅಂದದ್ದನ್ನು ಮಾಡಬೇಡಿ. ನಿಮ್ಮ ಗುಂಪಿನಲ್ಲಿ ಒಬ್ಬರನ್ನು ಆರಿಸಿ, ಲಾಯರ್ ಆಫೀಸಿನ ಜೊತೆ ಅವರೊಬ್ಬರೇ ಮಾತಾಡಲಿ. ಇಪ್ಪತ್ತು ಜನ ಫೋನ್ ಮಾಡಿದರೆ ಲಾಯರ್ ಸಮಯ ಹಾಳು, ಎಷ್ಟೋ ಕಡೆ ಆ ಸಮಯದ ಬಿಲ್ಲು ಮನೆಯವರ ಮೇಲೆ ಬೀಳುತ್ತದೆ. ಕೇಸ್ ನಂಬರ್, ಜಡ್ಜ್ ಹೆಸರು, ಕಟ್ಟಡ, ಮಹಡಿ, ಸಮಯ ಬರೆದಿಟ್ಟುಕೊಳ್ಳಿ. ಕೇಸು ರಾಜ್ಯದ ಕೋರ್ಟಿನಲ್ಲೋ ಫೆಡರಲ್ ಕೋರ್ಟಿನಲ್ಲೋ ಅಂತ ಮೊದಲೇ ಕೇಳಿ, ಎರಡರ ನಿಯಮವೇ ಬೇರೆ. ದಿನಾಂಕ ಮುಂದಕ್ಕೆ ಹೋಗುವುದು ತುಂಬಾ ಸಾಮಾನ್ಯ. ರಜೆ ಹಾಕಿ ಬಂದವರು ಬಾಗಿಲಲ್ಲಿ ವಾಪಸ್ ಹೋಗುವಂತಾದರೆ ಮುಂದಿನ ಸಲ ಬರುವವರು ಅರ್ಧ ಆಗುತ್ತಾರೆ. ಹಿಂದಿನ ಸಂಜೆ ಮತ್ತೊಮ್ಮೆ ಖಚಿತ ಮಾಡಿಕೊಂಡು ಎಲ್ಲರಿಗೂ ಮೆಸೇಜ್ ಹಾಕಿ.

ಹೆಜ್ಜೆ 2: ಪ್ರೊಬೇಷನ್ ಆಫೀಸರ್ ಬರೆಯುವ ವರದಿ

ಇದನ್ನು ಜನ ಕಡೆಗಣಿಸುತ್ತಾರೆ, ಆದರೆ ನನ್ನ ಪ್ರಕಾರ ಇದಕ್ಕಿಂತ ದೊಡ್ಡದು ಇಲ್ಲ. ತಪ್ಪಿತಸ್ಥ ಎಂದಾದ ಮೇಲೆ ಫೆಡರಲ್ ಕೇಸಿನಲ್ಲಿ ಪ್ರೊಬೇಷನ್ ಆಫೀಸರ್ ಎಂಬ ಕೋರ್ಟಿನ ಅಧಿಕಾರಿಯೊಬ್ಬರು ಆರೋಪಿಯನ್ನು ಮಾತಾಡಿಸಿ, ಮನೆ, ಕೆಲಸ, ಆರೋಗ್ಯ, ಹಣಕಾಸು ಎಲ್ಲ ವಿಚಾರಿಸಿ ಒಂದು ವರದಿ ಬರೆಯುತ್ತಾರೆ. ಜಡ್ಜ್ ಮೊದಲು ಓದುವುದು ಅದನ್ನೇ. ಜೈಲಿಗೆ ಹೋಗಬೇಕಾಗಿ ಬಂದರೆ ಎಲ್ಲಿಗೆ ಕಳಿಸಬೇಕು, ಯಾವ ಚಿಕಿತ್ಸೆ ಕೊಡಬೇಕು ಎಂದು ಜೈಲು ಇಲಾಖೆಯವರು ನೋಡುವುದೂ ಅದನ್ನೇ. ಅದರಲ್ಲಿ ಕಾಯಿಲೆಯ ಬಗ್ಗೆ ಎರಡೇ ಸಾಲು ಇದ್ದರೆ, ಒಳಗೆ ಹೋದ ಮೇಲೆ ಪ್ರತಿ ಮಾತ್ರೆಗೂ ಜಗಳ ಆಡಬೇಕಾಗುತ್ತದೆ.

ರೋಗಿಗೆ ಮೈ ಹುಷಾರಿಲ್ಲದಿರುವಾಗ ಆಸ್ಪತ್ರೆ ಕಾಗದ ಹುಡುಕಿಕೊಂಡು ಓಡಾಡುವ ಶಕ್ತಿ ಎಲ್ಲಿಂದ ಬರಬೇಕು? ಅದು ನಿಮ್ಮ ಕೆಲಸ. ಡಯಾಗ್ನೋಸಿಸ್ ಆದ ದಿನದ ಕಾಗದ, ಸ್ಕ್ಯಾನ್ ವರದಿ, ಆಪರೇಷನ್ ಆಗಿದ್ದರೆ ಅದರ ವಿವರ, ಈಗ ತೆಗೆದುಕೊಳ್ಳುವ ಔಷಧಿಗಳ ಪಟ್ಟಿ, ಮೊದಲು ಕೊಟ್ಟು ಒಗ್ಗದೆ ಬಿಟ್ಟ ಔಷಧಿಗಳ ಪಟ್ಟಿ, ಗಾಂಜಾ ಸಲಹೆ ಕೊಟ್ಟ ಡಾಕ್ಟರ್ ಪತ್ರ. ಇವನ್ನೆಲ್ಲ ತಾರೀಕಿನ ಕ್ರಮದಲ್ಲಿ ಜೋಡಿಸಿ ಲಾಯರ್ ಕೈಗೆ ಕೊಡಿ, ಆಫೀಸರ್ ಜೊತೆಗಿನ ಮಾತುಕತೆಗೆ ಮೊದಲೇ. ಆ ಮಾತುಕತೆಯಲ್ಲಿ ಲಾಯರ್ ಜೊತೆಗಿರಬೇಕು. ಕರಡು ವರದಿ ಶಿಕ್ಷೆಯ ದಿನಕ್ಕೆ ಕನಿಷ್ಠ 35 ದಿನ ಮೊದಲು ಕೈಗೆ ಬರಬೇಕು ಎಂಬುದು ನಿಯಮ. ತಪ್ಪು ಇದ್ದರೆ ಆಕ್ಷೇಪಕ್ಕೆ ಇರುವುದು 14 ದಿನ. ಗಿಡಗಳ ಸಂಖ್ಯೆಯಲ್ಲಿ ಒಂದು ಸೊನ್ನೆ ಹೆಚ್ಚಾದರೂ ವರ್ಷಗಳ ಲೆಕ್ಕ ಬದಲಾಗುತ್ತದೆ: ಫೆಡರಲ್ ಕಾನೂನಿನಲ್ಲಿ 100 ಗಿಡ ಮುಟ್ಟಿದರೆ ಕನಿಷ್ಠ 5 ವರ್ಷ, 1000 ಮುಟ್ಟಿದರೆ ಕನಿಷ್ಠ 10 ವರ್ಷ. ಕೆಲವು ಷರತ್ತು ಪೂರೈಸಿದವರಿಗೆ ಆ ಕನಿಷ್ಠ ಮಿತಿಗಿಂತ ಕೆಳಗೆ ಇಳಿಯಲು 'ಸೇಫ್ಟಿ ವಾಲ್ವ್' ಎಂಬ ದಾರಿ ಇದೆ, 2018ರ ಕಾನೂನು ಅದನ್ನು ಇನ್ನಷ್ಟು ಅಗಲ ಮಾಡಿತು. ಅದು ಅನ್ವಯಿಸುತ್ತದಾ ಅಂತ ಲಾಯರನ್ನು ತಪ್ಪದೆ ಕೇಳಲು ಮನೆಯವರಿಗೆ ಹೇಳಿ.

ಹೆಜ್ಜೆ 3: ಪತ್ರಗಳು

ಪತ್ರದ ಮೇಲೆ ಜಡ್ಜ್ ಹೆಸರು ಇರುತ್ತದೆ, ಆದರೆ ಅದು ಹೋಗುವುದು ಲಾಯರ್‌ಗೆ. ಇದನ್ನು ಗುಂಪಿನಲ್ಲಿ ಹತ್ತು ಸಲ ಹೇಳಿ. ಜಡ್ಜ್‌ಗೆ ನೇರ ಪತ್ರ, ಫೋನ್, ಇಮೇಲ್ ಯಾವುದೂ ಬೇಡ. ಲಾಯರ್ ಎಲ್ಲ ಓದಿ, ಬೇಕಾದ್ದನ್ನು ಆರಿಸಿ, ಒಟ್ಟಿಗೆ ಸಲ್ಲಿಸುತ್ತಾರೆ. ನಿಮ್ಮ ಪತ್ರ ಸಾರ್ವಜನಿಕ ದಾಖಲೆ ಆಗಬಹುದು, ಪ್ರಾಸಿಕ್ಯೂಟರ್ ಕೂಡ ಓದುತ್ತಾರೆ ಎಂಬುದು ತಲೆಯಲ್ಲಿರಲಿ.

ಒಂದು ಪುಟ ಸಾಕು. ನೀವು ಯಾರು, ಎಷ್ಟು ವರ್ಷದಿಂದ ಗೊತ್ತು, ಹೇಗೆ ಗೊತ್ತು, ಕೇಸಿನ ವಿಷಯ ನಿಮಗೆ ತಿಳಿದಿದೆ ಎಂಬ ಒಂದು ಸಾಲು, ಆಮೇಲೆ ನೀವು ಕಣ್ಣಾರೆ ಕಂಡದ್ದು. 'ಇವರು ತುಂಬಾ ಒಳ್ಳೆಯ ಮನುಷ್ಯ, ಎಲ್ಲರಿಗೂ ಸಹಾಯ ಮಾಡುತ್ತಾರೆ' ಅಂತ ಬರೆದರೆ ಅದು ಯಾರ ಬಗ್ಗೆಯೂ ಆಗಬಹುದು. ಅದರ ಬದಲು ಹೀಗೆ ಬರೆದರೆ ನೋಡಿ: 'ನನ್ನ ತಾಯಿಗೆ ಕೀಮೋ ನಡೆಯುತ್ತಿದ್ದಾಗ ಪ್ರತಿ ಮಂಗಳವಾರ ಇವರು ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಅವರಿಗೇ ಬೆನ್ನುನೋವು, ಕಾಯುವ ಕೋಣೆಯಲ್ಲಿ ಕೂರಲು ಆಗದೆ ಗೋಡೆಗೆ ಒರಗಿ ನಿಂತೇ ಇರುತ್ತಿದ್ದರು.' ಎರಡೇ ಸಾಲಿನಲ್ಲಿ ಒಳ್ಳೆಯತನವೂ ಬಂತು, ಕಾಯಿಲೆಯೂ ಬಂತು. ಇಂಥ ಒಂದು ಘಟನೆ ಹತ್ತು ಹೊಗಳಿಕೆಗಿಂತ ಮೇಲು. ಖಂಡಿತ ನಡೆದದ್ದಾಗಿರಬೇಕು, ಅಷ್ಟೇ.

ಬರೆಯಬಾರದ್ದು: ಫೆಡರಲ್ ಕಾನೂನೇ ತಪ್ಪು, ಜ್ಯೂರಿ ಮೋಸ ಹೋಯಿತು, ಅವರು ಏನೂ ಮಾಡಿಲ್ಲ. ನಿಮಗೆ ಹಾಗೆ ಅನಿಸುವುದರಲ್ಲಿ ತಪ್ಪಿಲ್ಲ, ಅದನ್ನು ಹೇಳಲು ಶಾಸನಸಭೆ ಇದೆ, ಪತ್ರಿಕೆ ಇದೆ. ಆದರೆ ತಪ್ಪು ಒಪ್ಪಿಕೊಂಡವರಿಗೆ ಶಿಕ್ಷೆಯ ಲೆಕ್ಕದಲ್ಲಿ ರಿಯಾಯಿತಿ ಇದೆ. ಒಳಗೆ ಅವರು ಜವಾಬ್ದಾರಿ ಹೊರುತ್ತಿರುವಾಗ ಅವರ ಸ್ನೇಹಿತರೇ ಹೊರಗೆ ಅದಕ್ಕೆ ವಿರುದ್ಧ ಬರೆದರೆ ಪ್ರಾಸಿಕ್ಯೂಟರ್ ಕೈಗೆ ನಾವೇ ಮಾತು ಕೊಟ್ಟ ಹಾಗೆ. ಇಷ್ಟೇ ವರ್ಷ ಕೊಡಿ ಎಂದೂ ಬರೆಯಬೇಡಿ, ಲಾಯರ್ ಹೇಳಿದರೆ ಮಾತ್ರ. ಒಂದೇ ನಮೂನೆಯನ್ನು ಐವತ್ತು ಜನ ಸಹಿ ಹಾಕಿ ಕಳಿಸುವುದಕ್ಕಿಂತ ಐದು ಜನ ತಮ್ಮದೇ ಮಾತಿನಲ್ಲಿ ಬರೆದದ್ದು ಮೇಲು.

ದಾವಣಗೆರೆಯಲ್ಲೋ ಹಾಸನದಲ್ಲೋ ಇರುವ ಅಮ್ಮ, ಅಣ್ಣ ಬರೆಯಬಹುದಾ? ಧಾರಾಳವಾಗಿ. ಅಮ್ಮ ಕನ್ನಡದಲ್ಲೇ ಕೈಯಾರೆ ಬರೆಯಲಿ, ಅದನ್ನು ತಿದ್ದಲು ಹೋಗಬೇಡಿ. ಪೂರ್ತಿ ಇಂಗ್ಲಿಷ್ ಅನುವಾದ ಜೊತೆಗಿಡಿ. ಎರಡೂ ಭಾಷೆ ಬಲ್ಲೆ, ಅನುವಾದ ಸರಿಯಾಗಿದೆ ಎಂದು ಅನುವಾದ ಮಾಡಿದವರು ಸಹಿ ಹಾಕಲಿ. ಮನೆಯವರಲ್ಲದ ಯಾರಾದರೂ ಅನುವಾದ ಮಾಡಿದರೆ ಇನ್ನೂ ಒಳ್ಳೆಯದು.

ವೀಸಾದಲ್ಲಿ ಇರುವವರು ಇದನ್ನು ಎರಡು ಸಲ ಓದಿ

'ನಾನೂ ಬಳಸುತ್ತೇನೆ, ನನಗೂ ಇದರಿಂದ ಗುಣವಾಯಿತು' ಅಂತ ಪತ್ರದಲ್ಲಿ ಬರೆಯಬೇಡಿ. ಎಚ್-1ಬಿ ಇರಲಿ, ಗ್ರೀನ್ ಕಾರ್ಡ್ ಇರಲಿ, ಗಾಂಜಾ ವಿಷಯದಲ್ಲಿ ವಲಸೆ ಇಲಾಖೆ ನೋಡುವುದು ಫೆಡರಲ್ ಕಾನೂನನ್ನು ಮಾತ್ರ. ರಾಜ್ಯದಲ್ಲಿ ಕಾನೂನುಬದ್ಧವಾದರೂ ಗಾಂಜಾ ಬಳಕೆ ಪೌರತ್ವದ ಅರ್ಜಿಗೆ ತೊಡಕಾಗಬಹುದು ಎಂದು ಇಲಾಖೆ 2019ರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆದರೆ ಕೋರ್ಟಿಗೆ ಬಂದು ಸುಮ್ನೆ ಕೂರಲು ಯಾರಿಗೂ ಅಡ್ಡಿಯಿಲ್ಲ, ಅದು ಎಲ್ಲರಿಗೂ ತೆರೆದ ಜಾಗ.

ಆರೋಪಿಯೇ ಅಮೆರಿಕದ ಪ್ರಜೆ ಅಲ್ಲದಿದ್ದರೆ ವಿಷಯ ಇನ್ನೂ ಗಂಭೀರ. ಸ್ವಂತ ಬಳಕೆಗೆ 30 ಗ್ರಾಂ ಒಳಗೆ ಇಟ್ಟುಕೊಂಡಿದ್ದ ಒಂದೇ ಒಂದು ಪ್ರಕರಣ ಬಿಟ್ಟರೆ, ಗಾಂಜಾ ಕೇಸಿನ ಶಿಕ್ಷೆ ಗಡೀಪಾರಿಗೆ ಕಾರಣ ಆಗಬಹುದು. ತಪ್ಪೊಪ್ಪಿಕೊಳ್ಳುವ ಮೊದಲು ಲಾಯರ್ ಇದನ್ನು ತಿಳಿಸಲೇಬೇಕು ಎಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿದೆ. ಕ್ರಿಮಿನಲ್ ಲಾಯರ್ ಜೊತೆಗೆ ವಲಸೆ ಕಾನೂನಿನ ಲಾಯರನ್ನೂ ನೋಡಲು ಮನೆಯವರನ್ನು ಒತ್ತಾಯಿಸಿ. ಖರ್ಚಿಗೆ ಗುಂಪಿನಿಂದ ಹಣ ಕೂಡಿಸುವುದಾದರೆ ಮೊದಲು ಇದಕ್ಕೆ ಕೂಡಿಸಿ.

ಹೆಜ್ಜೆ 4: ಒಬ್ಬ ಮನುಷ್ಯನ ಬದುಕನ್ನು ಒಂದು ಕಡತದಲ್ಲಿ ಇಡುವುದು

ಸ್ಯಾನ್ ಹೋಸೆಯಲ್ಲಿ ಸಿಲಿಕಾನ್ ವ್ಯಾಲಿ ಡಿಬಗ್ ಎಂಬ ಸಂಸ್ಥೆ ಇದೆ. ರಾಜ್ ಜಯದೇವ್ ಮುನ್ನಡೆಸಿದ ಈ ಸಂಸ್ಥೆ ಒಂದು ಪದ್ಧತಿ ಬೆಳೆಸಿದೆ. ಕೇಸಿನಲ್ಲಿ ಸಿಕ್ಕಿದವರ ಮನೆಯವರು ವಾರವಾರ ಒಟ್ಟಿಗೆ ಕೂರುತ್ತಾರೆ, ಒಬ್ಬರ ಕೇಸನ್ನು ಇನ್ನೊಬ್ಬರು ಕೇಳುತ್ತಾರೆ, ಲಾಯರ್‌ಗೆ ಬೇಕಾದ ಫೋಟೋ, ಪತ್ರ, ಪ್ರಮಾಣಪತ್ರ, ಕೆಲವೊಮ್ಮೆ ಚಿಕ್ಕ ವಿಡಿಯೋ ಕೂಡ ತಯಾರು ಮಾಡುತ್ತಾರೆ. ಎಷ್ಟು ವರ್ಷ ಜೈಲು ತಪ್ಪಿತು ಎಂದು ಲೆಕ್ಕ ಇಡುತ್ತಾರೆ. ರಾಜ್ ಜಯದೇವ್ ಅವರಿಗೆ 2018ರಲ್ಲಿ ಮೆಕಾರ್ಥರ್ ಫೆಲೋಶಿಪ್ ಬಂದದ್ದು ಈ ಕೆಲಸಕ್ಕೇ. ಸ್ಯಾನ್ ಫ್ರಾನ್ಸಿಸ್ಕೋ, ಸ್ಯಾನ್ ಹೋಸೆ ಸುತ್ತಲಿನ ಬೇ ಏರಿಯಾದಲ್ಲಿ ನಮ್ಮವರು ಎಷ್ಟೊಂದು ಜನ ಇದ್ದಾರೆ, ಅವರ ಊರಿನಲ್ಲೇ ನಡೆಯುವ ಇಂಥದ್ದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಮೆಡಿಕಲ್ ಗಾಂಜಾ ಕೇಸುಗಳಿಗೇ ಅಂತ ನೋಡಿದರೆ 2002ರಲ್ಲಿ ಶುರುವಾದ ಅಮೆರಿಕನ್ಸ್ ಫಾರ್ ಸೇಫ್ ಆಕ್ಸೆಸ್ ರೋಗಿಗಳ ಹಕ್ಕಿಗಾಗಿ ಕೆಲಸ ಮಾಡುತ್ತಾ ಬಂದಿದೆ.

ನೀವೂ ಇದನ್ನೇ ಮನೆಯ ಊಟದ ಮೇಜಿನ ಮೇಲೆ ಮಾಡಬಹುದು. ಕಡತ ಇಪ್ಪತ್ತು ಪುಟ ದಾಟದಂತೆ ನೋಡಿಕೊಳ್ಳಿ.

ಹೆಜ್ಜೆ 5: ಆ ದಿನ

ಒಂದು ಗಂಟೆ ಮೊದಲೇ ತಲುಪಿ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಅವೆನ್ಯೂ ಫೆಡರಲ್ ಕಟ್ಟಡ ಇರಲಿ, ಸ್ಯಾಕ್ರಮೆಂಟೋ ಇರಲಿ, ಬಾಗಿಲಲ್ಲಿ ಏರ್‌ಪೋರ್ಟಿನ ಹಾಗೆ ತಪಾಸಣೆ ಇರುತ್ತದೆ, ಫೋಟೋ ಇರುವ ಐಡಿ ಜೊತೆಗಿರಲಿ. ಫೋನ್ ಒಳಗೆ ಬಿಡುತ್ತಾರಾ ಅಂತ ಆಯಾ ಕೋರ್ಟಿನ ನಿಯಮ ನೋಡಿ. ಬಿಟ್ಟರೂ ಆಫ್ ಮಾಡಿ. ಫೆಡರಲ್ ಕೋರ್ಟಿನೊಳಗೆ ಫೋಟೋ, ರೆಕಾರ್ಡಿಂಗ್ ಎರಡೂ ಇಲ್ಲ.

ಬರುವವರಲ್ಲಿ ರೋಗಿಗಳು ಇದ್ದೇ ಇರುತ್ತಾರೆ. ಅವರಿಗೆ ಗಟ್ಟಿಯಾಗಿ ಹೇಳಿ: ಗಾಂಜಾ ತರಬೇಡಿ. ಜೇಬಲ್ಲಿ ಬೇಡ, ಬ್ಯಾಗಲ್ಲಿ ಬೇಡ, ಎಣ್ಣೆ, ಚಾಕೊಲೇಟ್ ಯಾವ ರೂಪದಲ್ಲೂ ಬೇಡ. ಫೆಡರಲ್ ಕಟ್ಟಡದ ಒಳಗೆ ರಾಜ್ಯದ ಮೆಡಿಕಲ್ ಗಾಂಜಾ ಕಾರ್ಡಿಗೆ ಬೆಲೆಯಿಲ್ಲ. ಬೇರೆ ಔಷಧಿಗಳನ್ನು ಹೆಸರು ಅಂಟಿಸಿದ ಡಬ್ಬಿಯಲ್ಲೇ ತನ್ನಿ. ತುಂಬಾ ಹೊತ್ತು ಕೂರಲು ಆಗದವರು ಬಾಗಿಲ ಹತ್ತಿರ ಕೂತರೆ ಎದ್ದು ಹೋಗಲು ಸುಲಭ, ಗಾಲಿಕುರ್ಚಿಯವರಿಗೆ ಜಾಗ ಬೇಕೆಂದು ಹಿಂದಿನ ದಿನವೇ ಕೋರ್ಟಿನ ಕಚೇರಿಗೆ ತಿಳಿಸಬಹುದು. ಮದುವೆಗಲ್ಲ, ಕೆಲಸದ ಇಂಟರ್‌ವ್ಯೂಗೆ ಹೋಗುವ ಬಟ್ಟೆ ಹಾಕಿ. ಎಲೆಯ ಚಿತ್ರದ ಟೀ ಶರ್ಟು, ಬ್ಯಾಡ್ಜು ಬೇಡ.

ಒಳಗೆ ಏನಾಗುತ್ತದೆ? ಪ್ರೊಬೇಷನ್ ವರದಿ ಓದಿದಿರಾ ಅಂತ ಜಡ್ಜ್ ಆರೋಪಿಯನ್ನು ಕೇಳುತ್ತಾರೆ. ಆಕ್ಷೇಪಗಳ ಬಗ್ಗೆ ಚರ್ಚೆ ಆಗುತ್ತದೆ, ಶಿಕ್ಷೆ ಎಷ್ಟಿರಬೇಕು ಎಂದು ಸೂಚಿಸುವ ಫೆಡರಲ್ ಮಾರ್ಗಸೂಚಿಯ ಲೆಕ್ಕ ಹೇಳುತ್ತಾರೆ. 2005ರಿಂದ ಆ ಮಾರ್ಗಸೂಚಿ ಬರೀ ಸಲಹೆ, ಕಡ್ಡಾಯ ಅಲ್ಲ. ಆಮೇಲೆ ಎರಡೂ ಕಡೆಯ ಲಾಯರ್‌ಗಳು ಮಾತಾಡುತ್ತಾರೆ. ಕೊನೆಗೆ ಆರೋಪಿಗೆ ಸ್ವತಃ ಮಾತಾಡುವ ಹಕ್ಕಿದೆ. ಈ ಮಾತನ್ನು ಅವರು ಮನೆಯಲ್ಲಿ ನಿಮ್ಮ ಮುಂದೆ ಎರಡು ಮೂರು ಸಲ ಓದಿ ನೋಡಲಿ, ಅಳು ಬಂದರೂ ಪರವಾಗಿಲ್ಲ, ಎಲ್ಲಿ ಗಂಟಲು ಕಟ್ಟುತ್ತದೆ ಅಂತ ಗೊತ್ತಿದ್ದರೆ ಅಲ್ಲಿ ನಿಲ್ಲಿಸಿ ಉಸಿರು ತೆಗೆದುಕೊಳ್ಳಬಹುದು.

ಎಷ್ಟೋ ಲಾಯರ್‌ಗಳು ಒಂದು ಹಂತದಲ್ಲಿ ಹಿಂದಕ್ಕೆ ತಿರುಗಿ 'ಇವರಿಗಾಗಿ ಬಂದವರು ದಯವಿಟ್ಟು ಎದ್ದು ನಿಲ್ಲಿ' ಅನ್ನುತ್ತಾರೆ. ಎದ್ದು ನಿಲ್ಲಿ, ಜಡ್ಜ್ ಕಡೆ ನೋಡಿ, ಕೂತುಕೊಳ್ಳಿ. ಮಾತು ಬೇಡ, ಕೈ ಬೀಸುವುದು ಬೇಡ. ನಾಲ್ಕು ಸಾಲು ಬೆಂಚು ತುಂಬಾ ವಯಸ್ಸಾದವರು, ಕೋಲು ಹಿಡಿದವರು, ಪಕ್ಕದ ಮನೆಯವರು, ಕೆಲಸದ ಜೊತೆಗಾರರು ಒಟ್ಟಿಗೆ ಎದ್ದು ನಿಂತದ್ದನ್ನು ಯಾವ ಕಾಗದದಲ್ಲೂ ಬರೆದು ತೋರಿಸಲು ಆಗುವುದಿಲ್ಲ. ಪ್ರಾಸಿಕ್ಯೂಟರ್ ಮಾತಿಗೆ ತಲೆ ಅಲ್ಲಾಡಿಸುವುದು, ನಿಟ್ಟುಸಿರು, ಶಿಕ್ಷೆ ಕೇಳಿ ಚಪ್ಪಾಳೆ ಅಥವಾ ಕೂಗಾಟ, ಯಾವುದೂ ಕೂಡದು.

ಹೊರಗೆ ಬೋರ್ಡು ಹಿಡಿಯುವ ವಿಷಯ. ಜಡ್ಜ್ ಮೇಲೆ ಪ್ರಭಾವ ಬೀರುವ ಉದ್ದೇಶದಿಂದ ಕೋರ್ಟಿನ ಹತ್ತಿರ ಪ್ರತಿಭಟನೆ ಮಾಡುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ಹಾಗಾಗಿ ಪತ್ರಕರ್ತರ ಜೊತೆ ಮಾತು, ಭಾಷಣ ಎಲ್ಲ ಶಿಕ್ಷೆ ಹೇಳಿ ಮುಗಿದ ಮೇಲೆ, ಲಾಯರ್ ಒಪ್ಪಿದ ಜಾಗದಲ್ಲಿ.

ಎಷ್ಟು ನಿರೀಕ್ಷೆ ಇಟ್ಟುಕೊಳ್ಳಬೇಕು

ಪ್ರಾಮಾಣಿಕವಾಗಿ ಹೇಳುತ್ತೇನೆ, ಕೆಲವೊಮ್ಮೆ ಜಡ್ಜ್ ಕೈ ಕಟ್ಟಿರುತ್ತದೆ. ಮಾಲಿ ಫ್ರೈ ಡಾಕ್ಟರ್, ಸ್ತನ ಕ್ಯಾನ್ಸರ್ ದಾಟಿ ಬಂದವರು. ಅವರ ಪತಿ ಡೇಲ್ ಶೇಫರ್ ಲಾಯರ್, ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ರೋಗಿ. ಹಲವು ವರ್ಷ ಬೆಳೆದ ಗಾಂಜಾ ಗಿಡ ಕೂಡಿಸಿ 100 ಮುಟ್ಟಿತು ಎಂದು 2008ರಲ್ಲಿ ಇಬ್ಬರಿಗೂ 5 ವರ್ಷ ಆಯಿತು. ಆದರೆ ಮೇಲ್ಮನವಿ ಮುಗಿಯುವವರೆಗೆ ಹೊರಗಿರಲು ಬಿಟ್ಟರು, ಅವರು ಜೈಲಿಗೆ ಹೋದದ್ದು 2011ರಲ್ಲಿ. ಮೊರೋ ಬೇ ಊರಿನಲ್ಲಿ ಲೈಸೆನ್ಸ್ ಪಡೆದು ಮೆಡಿಕಲ್ ಗಾಂಜಾ ಕೇಂದ್ರ ನಡೆಸಿದ ಚಾರ್ಲ್ಸ್ ಲಿಂಚ್‌ಗೆ ಪ್ರಾಸಿಕ್ಯೂಟರ್ 5 ವರ್ಷ ಕೇಳಿದ್ದರು. 2009ರಲ್ಲಿ ಜಡ್ಜ್ ಜಾರ್ಜ್ ವೂ ಕೊಟ್ಟದ್ದು ಒಂದು ವರ್ಷ, ಒಂದು ದಿನ. ಆ ಒಂದು ದಿನ ಯಾಕೆ? ಫೆಡರಲ್ ಜೈಲಿನಲ್ಲಿ ಒಳ್ಳೆಯ ನಡತೆಗೆ ವರ್ಷಕ್ಕೆ 54 ದಿನದವರೆಗೆ ಕಡಿತ ಸಿಗುತ್ತದೆ, ಆದರೆ ಶಿಕ್ಷೆ ಒಂದು ವರ್ಷಕ್ಕಿಂತ ಜಾಸ್ತಿ ಇದ್ದರೆ ಮಾತ್ರ. ಇಂಥ ಲೆಕ್ಕ ಗೊತ್ತಿದ್ದರೆ ಆ ದಿನ 'ಅಯ್ಯೋ ಇನ್ನೊಂದು ದಿನ ಸೇರಿಸಿದರಲ್ಲಾ' ಅಂತ ಮನೆಯವರು ಕಂಗಾಲಾಗುವುದಿಲ್ಲ.

ರಾಜ್ಯದ ಕೋರ್ಟಾದರೆ ದಾರಿ ಸ್ವಲ್ಪ ಸಲೀಸು. ಪ್ರೊಬೇಷನ್ ಅವಧಿಯಲ್ಲಿ, ಅಂದರೆ ಕೋರ್ಟಿನ ನಿಗಾದಲ್ಲಿ ಹೊರಗಿರುವಾಗ, ಡಾಕ್ಟರ್ ಸಲಹೆಯಂತೆ ಗಾಂಜಾ ಬಳಸಲು ಅನುಮತಿ ಖಚಿತ ಮಾಡಿ ಎಂದು ಕ್ಯಾಲಿಫೋರ್ನಿಯಾದ ಕಾನೂನಿನಡಿ ಜಡ್ಜ್‌ರನ್ನು ಕೇಳಬಹುದು. ಅದು ಬರಹದಲ್ಲಿ ಬರಬೇಕು.

ಹೆಜ್ಜೆ 6: ಶಿಕ್ಷೆ ಹೇಳಿದ ಮೇಲೆ

ಫೆಡರಲ್ ಕೇಸಿನಲ್ಲಿ ಮೇಲ್ಮನವಿಯ ನೋಟಿಸ್ ಕೊಡಲು ಇರುವುದು ಬರೀ 14 ದಿನ. ದುಃಖದಲ್ಲಿ ಇದು ಮರೆತುಹೋಗುತ್ತದೆ, ಗುಂಪಿನ ಒಬ್ಬರು ತಾರೀಕು ಬರೆದಿಟ್ಟು ನೆನಪಿಸಿ. ತಾವೇ ಹೋಗಿ ಶರಣಾಗಲು ದಿನಾಂಕ ಕೊಡಿ, ಮನೆಗೆ ಹತ್ತಿರದ ಜೈಲು ಅಥವಾ ವೈದ್ಯಕೀಯ ಸೌಲಭ್ಯ ಇರುವ ಜೈಲನ್ನು ಶಿಫಾರಸು ಮಾಡಿ ಎಂದು ಲಾಯರ್ ಅದೇ ದಿನ ಕೇಳಬಹುದು. ಶಿಫಾರಸನ್ನು ಜೈಲು ಇಲಾಖೆ ಪಾಲಿಸಲೇಬೇಕೆಂದಿಲ್ಲ, ಆದರೂ ಕೇಳಬೇಕು.

ಒಳಗೆ ಗಾಂಜಾ ಸಿಗುವುದಿಲ್ಲ. ಶರಣಾಗುವ ಮೊದಲಿನ ವಾರಗಳಲ್ಲಿ ಡಾಕ್ಟರ್ ಜೊತೆ ಕೂತು ನೋವಿಗೆ, ವಾಂತಿಗೆ, ನಿದ್ರೆಗೆ ಬೇರೆ ಏನು ಕೊಡಬಹುದು ಎಂದು ತೀರ್ಮಾನಿಸಿ, ಪ್ರಿಸ್ಕ್ರಿಪ್ಷನ್ ಬರೆಸಿಕೊಂಡು ದಾಖಲೆ ಜೊತೆ ಕಳಿಸಿ. ಹೋಗುವ ದಿನ ಯಾರು ಕಾರು ಓಡಿಸುತ್ತಾರೆ, ಮಕ್ಕಳನ್ನು ಶಾಲೆಗೆ ಯಾರು ಬಿಡುತ್ತಾರೆ, ಮನೆ ಬಾಡಿಗೆ ಹೇಗೆ, ಜೈಲಿನ ಖಾತೆಗೆ ತಿಂಗಳು ತಿಂಗಳು ಯಾರು ಹಣ ಹಾಕುತ್ತಾರೆ ಅಂತ ಹೆಸರು ಹಾಕಿ ಹಂಚಿಕೊಳ್ಳಿ. ಮೊದಲ ತಿಂಗಳು ಎಲ್ಲರೂ ಪತ್ರ ಬರೆಯುತ್ತಾರೆ, ಆರನೇ ತಿಂಗಳಿಗೆ ಯಾರೂ ಇರುವುದಿಲ್ಲ. ಅದಕ್ಕೇ ಮೊದಲೇ ವಾರದ ಸರದಿ ಮಾಡಿಡಿ.

ಬಿಡುಗಡೆ ಆದ ಮೇಲೂ ಫೆಡರಲ್ ನಿಗಾ ಅವಧಿ ಇರುತ್ತದೆ, ಮೂತ್ರ ಪರೀಕ್ಷೆ ಇರುತ್ತದೆ. ಕ್ಯಾಲಿಫೋರ್ನಿಯಾದ ಅಂಗಡಿಯಲ್ಲಿ ರಾಜಾರೋಷವಾಗಿ ಮಾರುವ ಗಾಂಜಾ ಅವರಿಗೆ ಆಗಲೂ ನಿಷಿದ್ಧ, ಒಂದು ಸಲ ಸಿಕ್ಕರೂ ಮತ್ತೆ ಒಳಗೆ ಹೋಗಬೇಕಾಗಬಹುದು. ಮನೆಗೆ ಸ್ವಾಗತಿಸಲು ಹೋಗುವ ಸ್ನೇಹಿತರು ಅವರ ಮುಂದೆ ಸೇದಬೇಡಿ, ಕೊಡಲೂ ಬೇಡಿ. ಬಿಡುಗಡೆಯ ತಾರೀಕು ಗೊತ್ತಾದ ಕೂಡಲೇ ಆ ವಾರಕ್ಕೇ ಡಾಕ್ಟರ್ ಅಪಾಯಿಂಟ್‌ಮೆಂಟ್ ತೆಗೆದಿಡಿ.